ವೋಲ್ಗಾದ ದೋಣಿ, ರಾರಾವಿಯ ದಂಡೆ

ಕಳೆದ ತಿಂಗಳು ಪರೀಕ್ಷೆಯ ಮೇಲ್ವಿಚಾರಣೆಗೆಂದು ಸಿರುಗುಪ್ಪಕ್ಕೆ ಹೋಗಬೇಕಾಯಿತು. ಬಳ್ಳಾರಿಯಿಂದ ಹೊರಟ ಬಸ್ಸು ಊರ ಹೊರಗಿನ ರೈಸ್ ಮಿಲ್ಲುಗಳ ಸಾಲಿಗೆ ಬಂದದ್ದೇ ತಡ, ಕುದಿಸಿದ ಭತ್ತದ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಹಬೆ, ಹುಳಿ, ಹೊಟ್ಟು ಉರಿದ ಹೊಗೆ ಎಲ್ಲ ಬೆರೆತ ವಾಸನೆ ಅದು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನನಗೆ ಮುಖವನ್ನೇ ಮುಚ್ಚಿಕೊಳ್ಳಬೇಕು ಅನ್ನಿಸಿತು. ಎಂಟು ವರ್ಷದ ಹಿಂದೆ ಆ ಊರಿನಲ್ಲಿ ಒಂದು ವರ್ಷ ಕಳೆದಿದ್ದೆ. ಆಗ ನಾನು ಮಾಡಿದ ಒಂದು ಕೆಲಸವನ್ನು ಅಲ್ಲಿಯವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ.

ನಾನು ಇತಿಹಾಸದ ಉಪನ್ಯಾಸಕ. ಮನೆ ಬಳ್ಳಾರಿಯ ಕೋಟೆ ಕಡೆ. ಆ ವರ್ಷ ಸಿರುಗುಪ್ಪದ ಕಾಲೇಜಿಗೆ ವರ್ಗವಾಗಿ ಬಂದು, ಒಂದು ಕಮಿಷನ್ ಅಂಗಡಿಯ ಮಾಳಿಗೆಯ ಮೇಲೆ ಕೋಣೆ ಹಿಡಿದಿದ್ದೆ. ನಮ್ಮದು ಪುರಾಣ ಹೇಳಿಕೊಂಡು ಬಂದ ಮನೆತನ. ಅಜ್ಜನ ಬಾಯಿ ನನಗೆ ಬಂದಿದೆ, ಅವರ ಭಯಭಕ್ತಿ ಮಾತ್ರ ಬಂದಿಲ್ಲ. ಅವರು ಒಂದು ಮಾತು ಹೇಳುತ್ತಿದ್ದರು: ವ್ಯಾಸಪೀಠದ ಮೇಲೆ ಕೂತವನು ತಡವರಿಸಬಾರದು, ತಡವರಿಸುವ ಹಾಗಾದರೆ ಸಭೆಯನ್ನು ನಗಿಸಿಬಿಡಬೇಕು, ಜನ ನಗುವಷ್ಟರಲ್ಲಿ ಮುಂದಿನ ಶ್ಲೋಕ ನೆನಪಾಗುತ್ತದೆ. ಅಜ್ಜ ಅದನ್ನು ಶ್ಲೋಕ ಮರೆತಾಗಿನ ಉಪಾಯವಾಗಿ ಹೇಳಿದ್ದರು. ನಾನು ಗೊತ್ತಿಲ್ಲದ್ದನ್ನು ಮುಚ್ಚಿಡುವ ಉಪಾಯವಾಗಿ ಕಲಿತೆ.

ಆಗ ನನ್ನ ತಲೆ ತುಂಬ ಒಂದೇ ಹುಚ್ಚು. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ದೇಶದವರು ನದಿಗಳಲ್ಲಿ ಓಡಿಸಿದ ಉಕ್ಕಿನ ಯುದ್ಧದೋಣಿಗಳ ಹುಚ್ಚು. ಅವು ಸಮುದ್ರದ ಹಡಗುಗಳಲ್ಲ. ನಮ್ಮ ಎರಡು ಬಸ್ಸು ಒಂದರ ಹಿಂದೊಂದು ನಿಲ್ಲಿಸಿದಷ್ಟು ಉದ್ದ, ಅಷ್ಟೆ. ಅಡಿ ಚಪ್ಪಟೆ, ತೊಡೆಮಟ್ಟದ ನೀರಿದ್ದರೆ ಸಾಕು, ತೇಲುತ್ತಿದ್ದವು. ನೀರು ತಳ್ಳುವ ಪಂಖ ಮರಳಿಗೆ ತಾಗಬಾರದೆಂದು ಅದನ್ನು ದೋಣಿಯ ಅಡಿಯಲ್ಲೇ ಮಾಡಿದ ಸುರಂಗದೊಳಗೆ ಕೂರಿಸಿದ್ದರು. ಬೇಕಾದರೆ ರೈಲಿನ ಮೇಲೆ ಹೇರಿ ಒಂದು ನದಿಯಿಂದ ಇನ್ನೊಂದು ನದಿಗೆ ಒಯ್ಯಬಹುದಿತ್ತು. ಎಲ್ಲಕ್ಕಿಂತ ನನ್ನನ್ನು ಹಿಡಿದದ್ದು ಅದರ ತಲೆ. ಟ್ಯಾಂಕಿಗೆಂದು ಕಾರ್ಖಾನೆಯಲ್ಲಿ ತಯಾರಾದ, ಸುತ್ತ ತಿರುಗುವ ಉಕ್ಕಿನ ಗೂಡನ್ನು ತೋಪಿನ ಸಮೇತ ತಂದು ದೋಣಿಯ ಮೇಲೆ ಕೂರಿಸಿಬಿಟ್ಟಿದ್ದರು. ಸ್ಟಾಲಿನ್‌ಗ್ರಾಡ್ ಹೊತ್ತಿ ಉರಿಯುವಾಗ ಈ ದೋಣಿಗಳು ವೋಲ್ಗಾ ನದಿಯ ಆಚೆ ದಂಡೆಗೆ ಸೈನಿಕರನ್ನು ಇಳಿಸಿ, ಗಾಯಗೊಂಡವರನ್ನು ತುಂಬಿಕೊಂಡು ಈಚೆಗೆ ಬರುತ್ತಿದ್ದವು. ಒಳಗಿದ್ದದ್ದು ಪೆಟ್ರೋಲ್ ಎಂಜಿನ್ನು, ಗುಂಡು ತಗುಲಿದರೆ ಹೊತ್ತಿಕೊಳ್ಳುತ್ತಿತ್ತು. ಆದರೂ ಮತ್ತೆ ಮತ್ತೆ ಹೋಗುತ್ತಿದ್ದರು. ಆಮೇಲೆ ಇಂಥವೇ ದೋಣಿಗಳು ಡ್ಯಾನ್ಯೂಬ್ ನದಿ ಹಿಡಿದು ವಿಯೆನ್ನಾದವರೆಗೆ ಯುದ್ಧ ಮಾಡುತ್ತ ಹೋದವು.

ಇದನ್ನೆಲ್ಲ ಹೇಳಲು ನನಗೊಂದು ಸಭೆ ಬೇಕಿತ್ತು. ಊರಿನ ವಾಚನಾಲಯದಲ್ಲಿ ಭಾನುವಾರ ಬೆಳಿಗ್ಗೆ ಮಾತಾಡಲು ಶುರು ಮಾಡಿದೆ. ಮಿಲ್ಲಿನ ಗುಮಾಸ್ತರು, ಸಾಲಿ ಮಾಸ್ತರರು, ಔಷಧ ಅಂಗಡಿಯವರು, ಹೀಗೆ ಇಪ್ಪತ್ತು ಇಪ್ಪತ್ತೈದು ಜನ ಸೇರುತ್ತಿದ್ದರು. ಮಳೆ ಬಂದರೆ ತಗಡಿನ ಚಾವಣಿಯ ಸದ್ದಿನಲ್ಲಿ ನನ್ನ ಮಾತು ಮುಳುಗುತ್ತಿತ್ತು, ನಿಂತ ಮೇಲೆ ಬಿಟ್ಟಲ್ಲಿಂದ ಹಿಡಿಯುತ್ತಿದ್ದೆ. ಕರೂರು ಕಡೆಯ ಗದ್ದೆಗಳಲ್ಲಿ ನಾಟಿ ನಡೆದಿದ್ದ ಕಾಲ. ಹೊಳೆ ದಿನದಿನಕ್ಕೆ ಕೆಂಪಾಗಿ ಏರುತ್ತಿತ್ತು.

ಆ ಸಭೆಗೆ ತಪ್ಪದೆ ಬರುತ್ತಿದ್ದವರು ಗಾದಿಲಿಂಗಪ್ಪ. ರಾರಾವಿಯವರು, ಸಿರುಗುಪ್ಪದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದರು. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದು, ಹೊಳೆಯ ದಂಡೆಗೆ ಹೋಗಿ ಮೋಟಾರು ಕೂರಿಸಿ ಬರುವುದು ಅವರ ಕೆಲಸ. ಹೊಳೆ ಇಳಿದ ಹಾಗೆಲ್ಲ ಮೋಟಾರನ್ನೂ ದಂಡೆಯಲ್ಲಿ ಹಂತಹಂತವಾಗಿ ಇಳಿಸಬೇಕು, ಪೈಪು ಜೋಡಿಸಬೇಕು. ಹೊಳೆ ಏರಿತೆಂದರೆ ಮುಳುಗುವ ಮೊದಲು ಹಗ್ಗ ಹಾಕಿ ಮೇಲೆಳೆಯಬೇಕು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಮಾತು ಮುಗಿಯುವವರೆಗೆ ನನ್ನ ಮುಖ ಬಿಟ್ಟು ಬೇರೆಲ್ಲೂ ನೋಡುತ್ತಿರಲಿಲ್ಲ. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಈಗ ಬಹುವಚನದಲ್ಲಿ ಬರೆಯುತ್ತಿದ್ದೇನೆ. ಆಗ ಅವರನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ, ಅದು ತಪ್ಪೆಂದು ಒಂದು ದಿನವೂ ಅನ್ನಿಸಲಿಲ್ಲ.

ಶ್ರಾವಣದ ಒಂದು ಭಾನುವಾರ ದೋಣಿಗಳ ಕಥೆ ಹೇಳಿದೆ. ಗಾಯಾಳುಗಳನ್ನು ಹೊತ್ತು ಬರುವ ಭಾಗಕ್ಕೆ ಬಂದಾಗ ಹಿಂದೆ ಕೂತವರೂ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಮುಗಿಸಿ ನೀರು ಕುಡಿಯುವಾಗ ಗಾದಿಲಿಂಗಪ್ಪ ಎದ್ದು ನಿಂತರು.

"ಸರ, ಒಂದು ಮಾತು ಕೇಳ್ಲೇನ್ರಿ?"

"ಕೇಳಪ."

"ಆ ಟ್ಯಾಂಕಿನ ತೋಪಿನ ಬಾಯಿ ಮ್ಯಾಲಕ್ಕ ಎಷ್ಟು ಏಳತೈತ್ರಿ?"

"ಯಾಕ?"

"ಟ್ಯಾಂಕ್ ಅಂದ್ರ ಬಯಲಾಗ ಓಡಾಡೋದು, ನೆಟ್ಟಗ ಹೊಡದ್ರ ಆತು. ದೋಣಿ ತಗ್ಗಿನಾಗ ಇರತೈತಿ. ನಮ್ಮ ರಾರಾವ್ಯಾಗ ಹೊಳಿ ಇಳದ ಮ್ಯಾಲೆ ತೆಪ್ಪದಾಗ ಕುಂತ್ರ ದಂಡಿ ಮ್ಯಾಲಿನ ಮನಷ್ಯಾ ಕಾಣಂಗಿಲ್ರಿ. ಮ್ಯಾಲೆ ನಾಯಿ ಬೊಗಳಾಕ ಹತ್ತಿದ್ರ, ನೆಟ್ಟಗ ಕಲ್ಲು ಒಗದ್ರ ದಂಡಿಗೆ ಬಡೀತೈತಿ. ಮ್ಯಾಲಕ್ಕ ಎಸದು ಆ ಕಡೀಗೆ ಬೀಳಸ್ಬೇಕು. ಇವ್ರು ಹೆಂಗ ಹೊಡದ್ರು ಅಂತ."

ನನಗೆ ಗೊತ್ತಿರಲಿಲ್ಲ. ನಾನು ಓದಿದ ಎಷ್ಟೋ ಪುಟಗಳಲ್ಲಿ ತೋಪಿನ ಅಳತೆಯಿತ್ತು, ಉಕ್ಕಿನ ದಪ್ಪವಿತ್ತು, ಈ ಮಾತೂ ಎಲ್ಲೋ ಇದ್ದಿರಬೇಕು. ನಾನು ಅದನ್ನು ಗಮನಿಸಿರಲಿಲ್ಲ. ಇಪ್ಪತ್ತೈದು ಜೊತೆ ಕಣ್ಣು ನನ್ನ ಕಡೆ ತಿರುಗಿದ್ದವು. ಅಜ್ಜನ ಉಪಾಯ ತಾನಾಗಿಯೇ ಬಾಯಿಗೆ ಬಂತು.

"ತಪ್ಪಾತು ನೋಡು ಗಾದಿಲಿಂಗಪ್ಪ. ರಷ್ಯಾದವರು ನಿನ್ನ ಒಂದು ಮಾತು ಕೇಳಿ ದೋಣಿ ಕಟ್ಟಬೇಕಾಗಿತ್ತು. ನೀನು ಒಂದು ಐದು ಎಚ್‌ಪಿ ಮೋಟಾರು ತಗೊಂಡು ಹೋಗಿ ವೋಲ್ಗಾಕ್ಕ ಇಳಿಸಿ ನೀರೆಲ್ಲಾ ಎತ್ತಿಬಿಟ್ಟಿದ್ರ, ಯುದ್ಧಾನೇ ಇರ್ತಿರಲಿಲ್ಲ."

ಸಭೆ ಬಿದ್ದು ಬಿದ್ದು ನಕ್ಕಿತು. ಔಷಧ ಅಂಗಡಿಯವರು ಕಣ್ಣು ಒರೆಸಿಕೊಂಡರು. ಗಾದಿಲಿಂಗಪ್ಪನವರೂ ನಕ್ಕರು, ಆದರೆ ಅರ್ಧ ನಕ್ಕು ಕೂತರು. ಕೂತ ಮೇಲೆ ಸ್ವಚ್ಛವಾಗಿಯೇ ಇದ್ದ ಕೈಗಳನ್ನು ಪಂಚೆಗೆ ಒರೆಸಿಕೊಂಡದ್ದನ್ನು ನಾನು ನೋಡಿದೆ. ನೋಡಿಯೂ ಮುಂದಿನ ವಾರದ ವಿಷಯ ಘೋಷಿಸಿದೆ.

ಮುಂದಿನ ಭಾನುವಾರ ಅವರು ಬರಲಿಲ್ಲ. ಅದೇ ವಾರ ತುಂಗಭದ್ರೆಯ ಅಣೆಕಟ್ಟೆಯ ಗೇಟು ತೆಗೆದಿದ್ದರು, ಹೊಳೆ ದಂಡೆ ಮೀರಿ ಬಂದಿತ್ತು. ಮೋಟಾರು ಎಳೆಯುವ ಕೆಲಸ ಹೆಚ್ಚಾಗಿರಬೇಕು ಅಂದುಕೊಂಡೆ. ಅದರ ಮುಂದಿನ ವಾರವೂ ಕುರ್ಚಿ ಖಾಲಿ. ನೆರೆ ಇಳಿಯಿತು, ಗದ್ದೆಯ ಪೈರು ಹಸಿರು ತಿರುಗಿತು, ಅವರು ಬರಲಿಲ್ಲ. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಮಿಲ್ಲಿನ ಹಮಾಲರೊಬ್ಬರು, "ಲೇ ವೋಲ್ಗಾ, ಎಲ್ಲಿಗೆ ಹೊಂಟೀಲೇ?" ಎಂದು ಕೂಗಿದರು. ಹೆಗಲ ಮೇಲೆ ಪೈಪು ಹೊತ್ತಿದ್ದ ಗಾದಿಲಿಂಗಪ್ಪ ತಿರುಗಿ ನೋಡಿದರು. ತಿರುಗುವಾಗ ನನ್ನನ್ನೂ ಕಂಡರು. ನಾನು ಬಸ್ಸಿನ ಬೋರ್ಡು ಓದುವವನ ಹಾಗೆ ಆ ಕಡೆ ತಿರುಗಿದೆ. ಒಂದು ನಗೆಗೆ ಅಪ್ಪ ಅಮ್ಮ ಇಟ್ಟ ಹೆಸರೇ ಹೋಗುತ್ತದೆಂದು ನಾನು ಎಣಿಸಿರಲಿಲ್ಲ. ಎಣಿಸಬೇಕಾಗಿತ್ತು. ಸಿರುಗುಪ್ಪದವರು ಅಡ್ಡಹೆಸರು ಇಡುವುದರಲ್ಲಿ ಎಷ್ಟು ಚುರುಕೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ದೀಪಾವಳಿ ಕಳೆದ ಮೇಲೆ ಒಬ್ಬ ವಿದ್ಯಾರ್ಥಿನಿಯ ಮನೆಯವರು ಊಟಕ್ಕೆ ಕರೆದಿದ್ದರೆಂದು ರಾರಾವಿಗೆ ಹೋದೆ. ಊಟವಾದ ಮೇಲೆ ಆ ಹುಡುಗಿಯ ಅಪ್ಪ, "ಬರ್ರಿ ಸರ, ಹೊಳಿ ತೋರಿಸ್ತೀನಿ" ಎಂದು ಕರೆದುಕೊಂಡು ಹೋಗಿ ತೆಪ್ಪದಲ್ಲಿ ಕೂರಿಸಿದರು. ಹೊಳೆ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ನಾಲ್ಕು ಹುಟ್ಟು ಹಾಕುವಷ್ಟರಲ್ಲಿ ನಾನು ತಲೆಯೆತ್ತಿ ದಂಡೆ ನೋಡಿದೆ. ಎರಡಾಳು ಎತ್ತರದ ಕರಿಮಣ್ಣಿನ ಗೋಡೆ. ಈಗಷ್ಟೇ ನಡೆದು ಬಂದ ಗದ್ದೆ ಇಲ್ಲ, ಮನೆಗಳಿಲ್ಲ, ನಮ್ಮನ್ನು ಕಳಿಸಲು ಬಂದು ನಿಂತಿದ್ದ ಹೆಂಗಸರ ತಲೆಯೂ ಕಾಣುತ್ತಿರಲಿಲ್ಲ, ಅವರ ಮಾತು ಮಾತ್ರ ಕೇಳುತ್ತಿತ್ತು. ನನ್ನ ಕೈಯಲ್ಲಿ ತೋಪಿದ್ದಿದ್ದರೂ ಅದು ಮಣ್ಣಿಗೇ ಬಡಿಯುತ್ತಿತ್ತು.

ಕೋಣೆಗೆ ಬಂದು ಮೂರು ದಿನ ಹುಡುಕಿದೆ. ಸಿಕ್ಕಿತು. ಈ ದೋಣಿಗಳ ದೊಡ್ಡ ಕೊರತೆಯೇ ಅದಾಗಿತ್ತು. ಟ್ಯಾಂಕಿನ ತೋಪು ಒಂದು ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ನೀರಿನ ಮಟ್ಟದಲ್ಲಿ ನಿಂತು ಎತ್ತರದ ದಂಡೆಯ ಹಿಂದಿನ ಶತ್ರುವನ್ನು ಹೊಡೆಯುವುದು ಕಷ್ಟವಾಗುತ್ತಿತ್ತು. ಸ್ಟಾಲಿನ್‌ಗ್ರಾಡ್ ಇದ್ದದ್ದೇ ವೋಲ್ಗಾದ ಎತ್ತರದ ದಂಡೆಯ ಮೇಲೆ. ಕೆಲವು ದೋಣಿಗಳ ಮೇಲೆ ರಾಕೆಟ್ಟುಗಳನ್ನು ಕೂರಿಸಿದ್ದರು. ಅವು ಮೇಲಕ್ಕೆ ಹಾರಿ ಆ ಕಡೆ ಬೀಳುತ್ತಿದ್ದವು, ಗಾದಿಲಿಂಗಪ್ಪನವರ ಕಲ್ಲಿನ ಹಾಗೆ. ಯುದ್ಧದ ಚಿತ್ರವನ್ನೇ ನೋಡದ ಒಬ್ಬ ಮನುಷ್ಯ, ನಾನು ಹೇಳಿದ ಒಂದು ಗಂಟೆಯ ಕಥೆ ಕೇಳಿ, ನೇರ ಅದರ ಹುಳುಕಿನ ಮೇಲೆ ಬೆರಳಿಟ್ಟಿದ್ದರು.

ಅವರ ಅಂಗಡಿ ನನ್ನ ಕಾಲೇಜಿನ ದಾರಿಯಲ್ಲೇ ಇತ್ತು. ಮರುದಿನ ಬೆಳಿಗ್ಗೆ ಹೋಗಿ, "ನೀನು ಹೇಳಿದ್ದೇ ಖರೆ" ಎಂದಿದ್ದರೆ ಎರಡು ನಿಮಿಷದ ಕೆಲಸ. ಮುಂದಿನ ಭಾನುವಾರ ಅದೇ ಸಭೆಯಲ್ಲಿ ಹೇಳಿದ್ದರೆ ಆ ಅಡ್ಡಹೆಸರು ಅಲ್ಲಿಗೆ ನಿಲ್ಲುತ್ತಿತ್ತೋ ಏನೋ. ನಾನು ಅಂಗಡಿ ತಪ್ಪಿಸಲು ಕಾಲುವೆಯ ಮೇಲಿನ ದಾರಿ ಹಿಡಿದೆ. ಚಳಿಗಾಲವೆಲ್ಲ ಆ ದಾರಿಯಲ್ಲೇ ಓಡಾಡಿದೆ. ಅದು ಸುತ್ತುದಾರಿ, ಸಾಲದ್ದಕ್ಕೆ ಕೆಸರು.

ಇಷ್ಟಕ್ಕೇ ನಿಂತಿದ್ದರೆ ಹೇಡಿತನ ಎಂದು ಬಿಡಬಹುದಿತ್ತು. ಬೇಸಿಗೆ ಶುರುವಾಗುವ ಹೊತ್ತಿಗೆ ಬಳ್ಳಾರಿಯಲ್ಲಿ ಇತಿಹಾಸದ ಮೇಷ್ಟ್ರುಗಳ ಒಂದು ಸಭೆ ನಡೆಯಿತು. ನನಗೊಂದು ಉಪನ್ಯಾಸ ಕೊಟ್ಟಿದ್ದರು. ಅದೇ ದೋಣಿಗಳ ಕಥೆ ಎತ್ತಿಕೊಂಡೆ. ಈ ಸಲ ನಡುವೆ ನಿಲ್ಲಿಸಿ, ನಾನೇ ಸಭೆಗೆ ಕೇಳಿದೆ: "ಟ್ಯಾಂಕು ಓಡಾಡುವುದು ಬಯಲಿನಲ್ಲಿ, ದೋಣಿ ಇರುವುದು ತಗ್ಗಿನಲ್ಲಿ. ಹಾಗಾದರೆ ಆ ತೋಪಿನ ಬಾಯಿ ಎಷ್ಟು ಮೇಲೆ ಏಳಬೇಕು?" ಆಮೇಲೆ ಹೊಳೆಯ ದಂಡೆ, ತೆಪ್ಪ, ಬೊಗಳುವ ನಾಯಿ, ಕಲ್ಲು. ಒಂದೂ ಬಿಡಲಿಲ್ಲ. ನಾಯಿಯನ್ನಾದರೂ ಬಿಡಬಹುದಿತ್ತು.

ಚಪ್ಪಾಳೆ ಜೋರಾಗಿಯೇ ಬಿತ್ತು. ಹಿರಿಯ ಪ್ರಾಧ್ಯಾಪಕರೊಬ್ಬರು ಎದ್ದು, "ಪುಸ್ತಕದಿಂದ ಇದು ಬರೋದಿಲ್ಲ. ಇಷ್ಟು ಒಳ್ಳೆ ಪ್ರಶ್ನೆ ನಿಮಗೆ ಹೆಂಗ ಹೊಳೀತು?" ಎಂದು ಕೇಳಿದರು. ಉತ್ತರ ಹೇಳಲು ಬಾಯಿ ತೆರೆದಾಗ ಮೂರನೇ ಸಾಲಿನಲ್ಲಿ ಗಾದಿಲಿಂಗಪ್ಪ ಕಂಡರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತೊಡೆಯ ಮೇಲೆ ಮಡಚಿದ ಪೇಪರು. ಪೇಪರಿನಲ್ಲಿ ನನ್ನ ಹೆಸರು ನೋಡಿ ಬಸ್ಸು ಹತ್ತಿ ಬಂದಿರಬೇಕು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ನಿಜವಾಗಿಯೂ ಹೆಗಲ ಮೇಲಿನ ಶಾಲು ಸರಿಮಾಡಿಕೊಂಡೆ. ಕೈ ಚಾಚಿ, "ಅಗೋ, ಅವರು ಕೇಳಿದ್ದು" ಅನ್ನಬೇಕಿತ್ತು, ಅಷ್ಟೆ. ಆದರೆ ಅವರು ಕೇಳಿದ್ದೆಂದರೆ, ಕೇಳಿದಾಗ ನಾನೇನು ಮಾಡಿದೆ ಎಂಬುದನ್ನೂ ಹೇಳಬೇಕಾಗುತ್ತದೆ.

"ಹೊಳೆ ದಂಡೆಯಲ್ಲಿ ಒಂದು ದಿನ ಸುಮ್ಮನೆ ನಿಂತಿದ್ದೆ. ತಾನಾಗಿ ಹೊಳೀತು" ಎಂದೆ.

ಗಾದಿಲಿಂಗಪ್ಪ ಎಲ್ಲರ ಜೊತೆ ಚಪ್ಪಾಳೆ ತಟ್ಟಿದರು. ಸಭೆ ಮುಗಿದ ಮೇಲೆ ಮುಂಬಾಗಿಲಲ್ಲಿ ನನಗಾಗಿ ಕಾದು ನಿಂತದ್ದೂ ಕಂಡಿತು. ನಾನು ಅಡುಗೆಯವರು ಓಡಾಡುತ್ತಿದ್ದ ಹಿಂಬಾಗಿಲಿನಿಂದ ಊಟದ ಪಂಕ್ತಿಗೆ ಹೋದೆ. ಆ ಜೂನಿನಲ್ಲಿ ಕೇಳಿ ಬಳ್ಳಾರಿಗೆ ವರ್ಗ ಮಾಡಿಸಿಕೊಂಡೆ. ಉಪನ್ಯಾಸ ಎಂಬತ್ತು ಪುಟದ ಪುಸ್ತಕವಾಯಿತು. ಮೂರನೇ ಅಧ್ಯಾಯವನ್ನು ಮೆಚ್ಚಿ ಬಂದ ಕಾಗದಗಳೇ ಹೆಚ್ಚು. ಅದು ದಂಡೆಯ ಎತ್ತರದ ಅಧ್ಯಾಯ.

ಕಳೆದ ತಿಂಗಳು ಪರೀಕ್ಷೆಯ ಕೆಲಸ ಮುಗಿಸಿ, ಎಂಟು ವರ್ಷದ ಮೇಲೆ ಅವರ ಅಂಗಡಿಯ ದಾರಿಯಲ್ಲಿ ನಡೆದೆ. ಅಲ್ಲಿ ಮೊಬೈಲ್ ಅಂಗಡಿ ಬಂದಿತ್ತು. ಪಕ್ಕದ ಚಹಾ ಅಂಗಡಿಯವನನ್ನು ಗಾದಿಲಿಂಗಪ್ಪ ಎಲ್ಲಿದ್ದಾರೆ ಎಂದು ಕೇಳಿದೆ.

"ಯಾವ ಗಾದಿಲಿಂಗಪ್ಪ್ರಿ?"

"ಮೋಟಾರು ರಿಪೇರಿ ಮಾಡುತ್ತಿದ್ದರಲ್ಲ, ರಾರಾವಿಯವರು."

"ಓ, ವೋಲ್ಗಾನ? ಹಂಗ ಹೇಳ್ರಲ್ಲ. ಕುರುಗೋಡಿಗೆ ಹೋಗ್ಯಾನ್ರಿ, ತಮ್ಮನ ಅಂಗಡ್ಯಾಗ ಅದಾನ."

ಚಹಾ ಅರ್ಧಕ್ಕೇ ಬಿಟ್ಟೆ. ಮರುದಿನ ಬಳ್ಳಾರಿಯ ಮನೆಯಿಂದ ಪುಸ್ತಕದ ಒಂದು ಪ್ರತಿ ಚೀಲದಲ್ಲಿ ಹಾಕಿಕೊಂಡು ಕುರುಗೋಡಿನ ಬಸ್ಸು ಹತ್ತಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಉರು ಹೊಡೆದೆ. ಊರಿನ ಬಂಡೆಗುಡ್ಡಗಳು ಹನ್ನೊಂದು ಗಂಟೆಗೇ ಬಿಸಿಲಿಗೆ ಕಾದು ಕೂತಿದ್ದವು. ದೊಡ್ಡ ಬಸವಣ್ಣನ ಗುಡಿಯ ಕಡೆ ಹೋಗುವ ದಾರಿಯಲ್ಲಿ ಅಂಗಡಿ ಸಿಕ್ಕಿತು. ಮೂವರು ರೈತರು ಬಿಚ್ಚಿಟ್ಟ ಮೋಟಾರಿನ ಸುತ್ತ ಕೂತು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತಿದ್ದರು. ತಾಮ್ರದ ತಂತಿ ಸುತ್ತುತ್ತಿದ್ದ ಗಾದಿಲಿಂಗಪ್ಪ ನನ್ನನ್ನು ನೋಡಿ ಎದ್ದು ನಿಂತರು. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಸರ, ಬರ್ರಿ ಬರ್ರಿ. ಇಲ್ಲಿ ಕುಂದ್ರಿ." ಕುರ್ಚಿ ಒರೆಸಿ ಕೊಟ್ಟು ರೈತರ ಕಡೆ ತಿರುಗಿದರು. "ನಾ ಹೇಳ್ತಿರ್ತೀನಲ್ಲ, ವೋಲ್ಗಾದ ಸರ ಅಂತ, ಇವ್ರ. ನಾ ಒಂದ್ಸಲ ಸಭಾದಾಗ ಏನೋ ದಡ್ಡನಂಗ ಕೇಳಿದ್ದೆ. ಮಂದಿ ಎಲ್ಲಾ ನಕ್ರು. ಸರ ಮಾತ್ರ ಅದನ್ನ ಮನಸಿನ್ಯಾಗ ಇಟ್ಕೊಂಡು, ಬಳ್ಳಾರ್ಯಾಗ ದೊಡ್ಡ ದೊಡ್ಡ ಮಂದಿ ಮುಂದ ನನ್ನ ಸಂಶಯ ತೀರಿಸಿದ್ರು. ಸಣ್ಣ ಮನಷ್ಯಾನ ಮಾತಂತ ಬಿಡಲಿಲ್ಲ."

ಕದ್ದವನಿಗೇ ಮನೆಯವನು ಆರತಿ ಎತ್ತಿದ ಹಾಗಾಯಿತು. ಉರು ಹೊಡೆದದ್ದೆಲ್ಲ ಮರೆತು, "ಗಾದಿಲಿಂಗಪ್ಪನವರೇ, ಅದು ಸಂಶಯ ಅಲ್ಲ. ನೀವು ಹೇಳಿದ್ದೇ ಖರೆ. ಬಳ್ಳಾರಿಯಲ್ಲಿ ನಾನು ಹೇಳಿದ್ದೆಲ್ಲ ನಿಮ್ಮ ಮಾತು. ನನ್ನದು ಅಂತ ಹೇಳಿಕೊಂಡೆ" ಎಂದೆ.

ಅವರು ತಲೆ ಅಲ್ಲಾಡಿಸಿದರು. "ದೊಡ್ಡೋರು ಹಿಂಗ ನೋಡ್ರಿ, ದೊಡ್ಡತನದ ಮಾತಾಡ್ತಾರ."

ಒಬ್ಬ ರೈತ ಮಂಡಕ್ಕಿ ಕೆಳಗಿಟ್ಟು, "ಖರೇನ, ಓದಿದೋರಿಗೆ ಇಷ್ಟು ಸೌಜನ್ಯ ಇರೋದು ಅಪರೂಪ ಬಿಡ್ರಿ" ಎಂದು ನನಗೆ ಕೈ ಮುಗಿದ. ಒಪ್ಪಿಕೊಂಡ ತಪ್ಪೂ ನನ್ನ ಹೆಸರಿಗೇ ಜಮೆಯಾಯಿತು. ಆ ಕ್ಷಣ ಪಟ್ಟಷ್ಟು ನಾಚಿಕೆಯನ್ನು ನಾನು ಜನ್ಮದಲ್ಲಿ ಪಟ್ಟಿಲ್ಲ. ಬಾಯಿಂದ ಆಗದೆಂದು ಚೀಲದಿಂದ ಪುಸ್ತಕ ತೆಗೆದೆ. ಮೊದಲ ಪುಟದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ: "ಈ ಪುಸ್ತಕದ ಮೂರನೇ ಅಧ್ಯಾಯದಲ್ಲಿರುವ ವಿಚಾರ ರಾರಾವಿಯ ಗಾದಿಲಿಂಗಪ್ಪನವರದು. ಅವರು ಕೇಳಿದಾಗ ಸಭೆಯನ್ನು ನಗಿಸಿದವನು ನಾನು. ಆಮೇಲೆ ಅದನ್ನು ಕದ್ದವನೂ ನಾನೇ." ಕೆಳಗೆ ಸಹಿ ಹಾಕಿ ಕೊಟ್ಟೆ.

ಅವರು ಕನ್ನಡಕ ಹಾಕಿಕೊಂಡು, ಅಕ್ಷರಕ್ಕೆ ಬೆರಳಿಟ್ಟು ಓದಿದರು. ಕೊನೆಗೆ ಬಂದು ಮತ್ತೆ ಮೊದಲಿನಿಂದ ಓದಿದರು. ಮೂರನೇ ಅಧ್ಯಾಯ ತೆಗೆದು ಒಂದು ಪುಟ, ಇನ್ನೊಂದು ಪುಟ ನೋಡಿದರು. ನಾಯಿ ಬರುವಲ್ಲಿ ಬೆರಳು ನಿಂತಿತು. ಮುಖದ ಮೇಲಿದ್ದ ನಗೆ ನಿಧಾನವಾಗಿ ಇಳಿಯಿತು. ರೈತರು ಏನು ಬರೆದಿದೆ ಎಂದು ಕೇಳಿದರು, ಅವರು ಹೇಳಲಿಲ್ಲ. ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು, ಸುತ್ತುತ್ತಿದ್ದ ತಂತಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಕೇಳಿದರು.

"ನಾ ಕೇಳಿದ್ದು ಸರಿ ಇತ್ತಂದ್ರ, ಅವತ್ತು ಮಂದೀನ ನಗಿಸಿದ್ಯಾಕ್ರಿ ಸರ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮೋಟಾರು ಯಾಕೆ ಸುಟ್ಟಿತು ಎಂದು ಕೇಳುವ ದನಿ.

"ನನಗ ಉತ್ತರ ಗೊತ್ತಿರಲಿಲ್ಲ, ಅದಕ್ಕ" ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಗೊತ್ತಿಲ್ಲ ಅಂದಿದ್ರ, ಹೊಳಿಗೆ ಕರಕೊಂಡು ಹೋಗಿ ನಾನ ತೋರಿಸ್ತಿದ್ದೆನಲ್ರಿ."